ಮಾಜಿ ಸೈನಿಕರ ಮನವಿ ಪತ್ರದಲ್ಲಿ 'ಪೆನ್ಷನ್ ಜಾಸ್ತಿ ಮಾಡಿ' ಅನ್ನುವುದನ್ನು ಬಿಟ್ಟು ಇನ್ನೇನು ಬರೆಯಬೇಕು?

ಫೌಜಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಂಘದವರು ರಕ್ಷಣಾ ಸಚಿವಾಲಯಕ್ಕೆ ಒಂದು ಮನವಿ ಪತ್ರ ಕಳಿಸುತ್ತಾರಂತೆ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ, ಯಾಕೆಂದರೆ ಕನ್ನಡ ಟೈಪಿಂಗ್ ಬರುವ ಮಗಳು ಇದ್ದಾಳೆ ಅಂತ ಅಪ್ಪ ಮೀಟಿಂಗ್‌ನಲ್ಲಿ ಹೇಳಿಬಿಟ್ಟಿದ್ದಾರೆ.

ನಾನೂ ಹೋಗಿ ಹಿಂದೆ ಕೂತಿದ್ದೆ. ಎರಡು ಗಂಟೆ ಎಲ್ಲರೂ ಹೇಳಿದ್ದು ಒಂದೇ: ಪೆನ್ಷನ್ ಜಾಸ್ತಿ ಮಾಡಿ, ಒನ್ ರ‍್ಯಾಂಕ್ ಒನ್ ಪೆನ್ಷನ್ (ಓಆರ್‌ಓಪಿ, ಅಂದರೆ ಒಂದೇ ದರ್ಜೆ, ಒಂದೇ ಸೇವಾವಧಿ ಇದ್ದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪೆನ್ಷನ್) ಸರಿಯಾಗಿ ಕೊಡಿ. ತಪ್ಪು ಅನ್ನುತ್ತಿಲ್ಲ. ಆದರೆ 2015ರಲ್ಲಿ ಆದೇಶ ಬಂತು, 2014ರ ಜುಲೈನಿಂದ ಲೆಕ್ಕ ಹಾಕಿದರು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂದರು, 2019ಕ್ಕೆ ಆಗಬೇಕಾದ್ದಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಈ ವಿಷಯಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದವರಿದ್ದಾರೆ. ನಮ್ಮ ಸಂಘದ ಒಂದು ಹಾಳೆಯಿಂದ ಅಲ್ಲಿ ಏನೂ ಅಲ್ಲಾಡುವುದಿಲ್ಲ ಅಂತ ನನಗನ್ನಿಸುತ್ತದೆ.

ನನಗೆ ಕೊರೆಯುತ್ತಿರುವುದು ಬೇರೆ. ನಮ್ಮ ಬೀದಿಯಲ್ಲೇ ಒಬ್ಬರು ಅಜ್ಜಿ ಇದ್ದಾರೆ. ಅವರ ಯಜಮಾನರು ನಾಯಕ್ ಆಗಿ ರಿಟೈರ್ ಆದವರು, ತೀರಿಕೊಂಡರು. ಫ್ಯಾಮಿಲಿ ಪೆನ್ಷನ್ ಶುರುವಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಕಾರಣ ಏನು ಅಂದರೆ ಸೇನೆಯ ದಾಖಲೆಯಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು ಎರಡೂ ಹೊಂದಲಿಲ್ಲ. ಒಂದು ಕಡೆ ಅಫಿಡವಿಟ್ ತನ್ನಿ ಅಂದರು, ತಂದರೆ ಇನ್ನೊಂದು ಕಡೆ ಈ ನಮೂನೆ ನಡೆಯಲ್ಲ ಅಂದರು. ಆ ಹದಿನಾಲ್ಕು ತಿಂಗಳು ಅವರು ಹೇಗಿದ್ದರು ಅಂತ ಯಾರೂ ಕೇಳಲಿಲ್ಲ. ಕಿವಿಯ ಓಲೆ ಅಡವಿಟ್ಟಿದ್ದು ನಮಗೆ ಗೊತ್ತಾಗಿದ್ದೇ ಆಮೇಲೆ.

ಯೋಜನೆಗಳು ಸಾಕಷ್ಟಿವೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತವೆ. ಎಲ್ಲಿ ಅಂತ ನಿಮ್ಮ ಅನುಭವದಿಂದ ಹೇಳಿ. ಭಾಷಣ ಬೇಡ ದಯವಿಟ್ಟು, ಅದು ಮೀಟಿಂಗ್‌ನಲ್ಲೇ ಬೇಕಾದಷ್ಟು ಆಯಿತು.

ನಿವೃತ್ತ ಸುಬೇದಾರ್

ಮಗಳೇ, ಒಳ್ಳೆ ಕೆಲಸ ಹಿಡಿದಿದ್ದೀಯ. ನಾನು 28 ವರ್ಷ ಸರ್ವಿಸ್ ಮಾಡಿದವನು, ಅದರಲ್ಲಿ ಏಳೆಂಟು ವರ್ಷ ಕಂಪನಿ ಆಫೀಸಿನ ಕಾಗದದ ನಡುವೆಯೇ ಕಳೆದವನು. ಆ ಅಜ್ಜಿಯ ಹೆಸರು ಹೇಗೆ ತಪ್ಪಾಯಿತು ಅಂತ ನಾನು ಹೇಳುತ್ತೇನೆ.

ಜವಾನನಿಗೆ ಮದುವೆ ಆದರೆ, ಮಗು ಹುಟ್ಟಿದರೆ, ಅದನ್ನು ಯೂನಿಟ್‌ಗೆ ತಿಳಿಸಬೇಕು, ಅಲ್ಲಿಂದ ಪಾರ್ಟ್ ಟೂ ಆರ್ಡರ್, ಅಂದರೆ ಆ ಬದಲಾವಣೆಯ ಅಧಿಕೃತ ಆದೇಶ, ಆಗಬೇಕು, ಅದು ರೆಕಾರ್ಡ್ ಆಫೀಸಿಗೆ ಹೋಗಿ ಅವನ ದಾಖಲೆಯಲ್ಲಿ ಸೇರಬೇಕು. ಹುಡುಗ ಎಲ್ಲೋ ಗಡಿಯ ಪೋಸ್ಟ್‌ನಲ್ಲಿರುತ್ತಾನೆ. ರಜೆಯಿಂದ ಬಂದವನು ಬಾಯಲ್ಲಿ ಹೆಸರು ಹೇಳುತ್ತಾನೆ, ಕನ್ನಡದ ಹೆಸರು ಕೇಳಿ ಅಭ್ಯಾಸವೇ ಇಲ್ಲದ ಗುಮಾಸ್ತ ತನ್ನ ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಾನೆ. ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಜನವರಿ 1 ಹಾಕು ಅನ್ನುತ್ತಾನೆ. ಆಗ ಆಧಾರ್ ಎಲ್ಲಿತ್ತು? ನಡೆಯುತ್ತಿತ್ತು. ಮೂವತ್ತು ವರ್ಷ ಆದ ಮೇಲೆ ಅವನು ಸತ್ತ ದಿನ ಆ ಅಕ್ಷರ ಎದ್ದು ಬಂದು ಹೆಂಡತಿಯ ಕುತ್ತಿಗೆ ಹಿಡಿಯುತ್ತದೆ.

ಹಿಂದೆ ಪೆನ್ಷನ್ ಬ್ಯಾಂಕಿನಿಂದ ಬರುತ್ತಿತ್ತು. ಮ್ಯಾನೇಜರ್ ಮುಖ ನೋಡಿರುತ್ತಿದ್ದ, ಸಣ್ಣಪುಟ್ಟದ್ದಕ್ಕೆ ದಾರಿ ಹೇಳುತ್ತಿದ್ದ. ಈಗ ಸ್ಪರ್ಶ್ ಅಂತ ಒಂದೇ ವ್ಯವಸ್ಥೆ, ರಕ್ಷಣಾ ಲೆಕ್ಕಪತ್ರ ಇಲಾಖೆಯೇ ನೇರವಾಗಿ ಖಾತೆಗೆ ಹಾಕುತ್ತದೆ. ನಾನು ಇದನ್ನು ಬೈಯುವ ಪೈಕಿ ಅಲ್ಲ. ಎಷ್ಟು ಬರಬೇಕು, ಎಷ್ಟು ಬಂತು ಅಂತ ಮೊದಲ ಸಲ ನನ್ನ ಕಣ್ಣಿಗೆ ಕಂಡಿದ್ದೇ ಇದರಿಂದ. ಆದರೆ ಕಂಪ್ಯೂಟರ್ ಅಕ್ಷರ ನೋಡುತ್ತದೆ, ಮುಖ ನೋಡುವುದಿಲ್ಲ. ನವೆಂಬರ್ ಬಂದರೆ ಬದುಕಿದ್ದೇನೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರ. ಬೆರಳು ಸವೆದು ಹೋದ ಮುದುಕನ ಗುರುತು ಯಂತ್ರ ಹಿಡಿಯುವುದಿಲ್ಲ. ಮುಖ ತೋರಿಸಿ ಮಾಡುವ ಆ್ಯಪ್ ಬಂದಿದೆ ಸರಿ, ಅದಕ್ಕೆ ಮೊಮ್ಮಗ ಬೇಕು.

ನಿನ್ನ ಪತ್ರದಲ್ಲಿ ಇಷ್ಟು ಬರಿ. ಡಿಸ್ಚಾರ್ಜ್ ಆಗುವ ಮೊದಲು ಹೆಂಡತಿ ಮಕ್ಕಳ ಹೆಸರು, ತಾರೀಖು ಎಲ್ಲವನ್ನೂ ಆಧಾರ್ ಜತೆ ತಾಳೆ ನೋಡಿ, ಸರಿಯಾಗದೆ ಪಿಪಿಒ (ಪೆನ್ಷನ್ ಮಂಜೂರಾತಿ ಆದೇಶ) ಕೊಡಬೇಡಿ. ಈಗಾಗಲೇ ರಿಟೈರ್ ಆದವರಿಗೆ ಜಿಲ್ಲೆಗೊಂದು ಕ್ಯಾಂಪ್ ಮಾಡಿ, ರೆಕಾರ್ಡ್ ಆಫೀಸಿನವರೇ ಬರಲಿ, ಅಲ್ಲೇ ಕೂತು ತಿದ್ದಲಿ. ಗಂಡ ಬದುಕಿರುವಾಗ ತಿದ್ದುವುದಕ್ಕೂ ಅವನು ಹೋದ ಮೇಲೆ ತಿದ್ದುವುದಕ್ಕೂ ಬಹಳ ವ್ಯತ್ಯಾಸ ಇದೆ. ಇನ್ನೊಂದು, ಸಾವಿನ ಸುದ್ದಿಯನ್ನು ಒಂದು ಕಡೆ ಕೊಟ್ಟರೆ ಸಾಕು ಅಂತ ಮಾಡಿಸಿ. ಈಗ ಪೆನ್ಷನ್‌ಗೆ ಬೇರೆ, ಇಸಿಎಚ್ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿಗೆ ಬೇರೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಬೇರೆ. ಅದೇ ಮರಣ ಪತ್ರ, ಅದೇ ಫೋಟೋ, ಮೂರು ಸೆಟ್. ಹೆಣ್ಣುಮಗಳು ದುಃಖದಲ್ಲಿರುತ್ತಾಳೆ ಕಣಮ್ಮ, ಜೆರಾಕ್ಸ್ ಅಂಗಡಿ ಸುತ್ತುವ ಹೊತ್ತೇ ಅದು?

ಬಿಲ್ಲಿಂಗ್ ಕೌಂಟರ್

ನಾನು ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ ಆರು ವರ್ಷ ಇದ್ದೆ, ಇಸಿಎಚ್ಎಸ್ ಕೌಂಟರ್ ನನ್ನದೇ. ಆಸ್ಪತ್ರೆ ಹೆಸರು ಬೇಡ. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಯೋಜನೆ ಶುರುವಾಗಿದ್ದು 2003ರ ಏಪ್ರಿಲ್‌ನಲ್ಲಿ. ಯೋಚನೆ ನಿಜವಾಗಿ ಚೆನ್ನಾಗಿದೆ. ನಿವೃತ್ತಿ ಸಮಯದಲ್ಲಿ ಒಂದು ಸಲ ವಂತಿಗೆ ಕಟ್ಟಿದರೆ ತಾನು, ಹೆಂಡತಿ, ಅವಲಂಬಿತರಿಗೆ ಜೀವನಪೂರ್ತಿ ನಗದುರಹಿತ ಚಿಕಿತ್ಸೆ. ಮೊದಲು ಯೋಜನೆಯದ್ದೇ ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್, ಆಮೇಲೆ ಒಪ್ಪಂದ ಇರುವ ಆಸ್ಪತ್ರೆ. ವಯಸ್ಸಿನ ಮಿತಿ ಇಲ್ಲ, ಹಳೇ ಕಾಯಿಲೆ ಅಂತ ತಳ್ಳುವುದಿಲ್ಲ. ಯಾವ ವಿಮಾ ಕಂಪನಿಯೂ ಕೊಡಲ್ಲ ಇಂಥದ್ದು.

ಎಲ್ಲಿ ಕೆಡುತ್ತದೆ ಅಂದರೆ, ಆಸ್ಪತ್ರೆಗೆ ಸಿಗುವ ದರ ಸಿಜಿಎಚ್ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಪಟ್ಟಿಯದ್ದು. ಆ ಪಟ್ಟಿ ಬಹಳ ಕಾಲ ಹಳೆಯದಾಗೇ ಇತ್ತು, ದೊಡ್ಡ ಮಟ್ಟದ ಪರಿಷ್ಕರಣೆ ಆಗಿದ್ದು 2025ರ ಅಕ್ಟೋಬರ್‌ನಲ್ಲಿ. ಕಮ್ಮಿ ದರವನ್ನಾದರೂ ಮ್ಯಾನೇಜ್‌ಮೆಂಟ್ ಸಹಿಸಿಕೊಳ್ಳುತ್ತಿತ್ತು, ಆದರೆ ಆ ಕಮ್ಮಿ ದುಡ್ಡೂ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಿಲ್ ಆನ್‌ಲೈನ್‌ನಲ್ಲಿ ಹಾಕಬೇಕು, ಅವರು ಪ್ರಶ್ನೆ ಎತ್ತುತ್ತಾರೆ, ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ, ಕೊನೆಗೆ ಒಂದಷ್ಟು ಕತ್ತರಿಸಿ ಪಾಸ್ ಮಾಡುತ್ತಾರೆ. ನಮ್ಮಲ್ಲಿ ಏನಾಗುತ್ತಿತ್ತು ಗೊತ್ತಾ? ಮೇಲಿನವರು ಬಾಯಲ್ಲೇ ಹೇಳುತ್ತಿದ್ದರು, ಇಸಿಎಚ್ಎಸ್ ಪೇಷಂಟ್ ಬಂದರೆ ಬೆಡ್ ಇಲ್ಲ ಅನ್ನಿ ಅಂತ. ಬರವಣಿಗೆಯಲ್ಲಿ ಎಲ್ಲೂ ಇರಲ್ಲ. ಕಾರ್ಡ್ ಹಿಡಿದು ನಿಂತ ಹಿರಿಯರಿಗೆ ಖಾಲಿ ಬೆಡ್ ಹಿಂದೆ ಇಟ್ಟುಕೊಂಡು ಇಲ್ಲ ಅನ್ನಬೇಕಿತ್ತು. ನಾನು ಕೆಲಸ ಬಿಡಲು ಇದೂ ಒಂದು ಕಾರಣ, ಇರಲಿ.

ಹಾಗಾಗಿ ಮೇಡಂ, 'ಒಳ್ಳೆಯ ಚಿಕಿತ್ಸೆ ಕೊಡಿ' ಅಂತ ಬರೆಯಬೇಡಿ. ಬಿಲ್ಲನ್ನು ಇಷ್ಟು ದಿನದೊಳಗೆ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ಬರೆಯಿರಿ. ದುಡ್ಡು ಸರಿಯಾಗಿ ಬಂದರೆ ಅದೇ ಆಸ್ಪತ್ರೆಯವರು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಜತೆಗೆ, ಪ್ರತಿ ಆಸ್ಪತ್ರೆ ತಿಂಗಳಿಗೆ ಎಷ್ಟು ಇಸಿಎಚ್ಎಸ್ ರೋಗಿಗಳನ್ನು ಸೇರಿಸಿಕೊಂಡಿತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಒಪ್ಪಂದ ಇದೆ, ಸೇರಿಸಿದ್ದು ಸೊನ್ನೆ ಅಂದರೆ ಗೊತ್ತಾಗುತ್ತಲ್ಲ.

ಪಾಲಿಕ್ಲಿನಿಕ್‌ನಲ್ಲಿ ಡಾಕ್ಟರಿಂದ ಹಿಡಿದು ಫಾರ್ಮಸಿಸ್ಟ್‌ವರೆಗೆ ಎಲ್ಲರೂ ಕಾಂಟ್ರಾಕ್ಟ್ ಮೇಲೆ ಇರುವವರು. ಒಳ್ಳೆಯ ಡಾಕ್ಟರ್ ಬೇರೆ ಕಡೆ ಜಾಸ್ತಿ ಸಿಕ್ಕಿದರೆ ಹೊರಡುತ್ತಾರೆ. ಇದನ್ನೂ ಒಂದು ಸಾಲು ಸೇರಿಸಿ.

ಇನ್ನೊಂದು, ಇದು ಪತ್ರಕ್ಕಲ್ಲ, ಇಲ್ಲಿ ಓದುವವರಿಗೆ. ಎಮರ್ಜೆನ್ಸಿ ಆದರೆ ರೆಫರಲ್ ಇಲ್ಲದೆ ನೇರ ಹೋಗಬಹುದು. ಒಪ್ಪಂದ ಇರುವ ಆಸ್ಪತ್ರೆ ಆದರೆ ಅವರೇ ಇಸಿಎಚ್ಎಸ್‌ಗೆ ತಿಳಿಸುತ್ತಾರೆ. ಒಪ್ಪಂದ ಇಲ್ಲದ ಆಸ್ಪತ್ರೆಗೆ ಹೋದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ಮನೆಯವರು ತಿಳಿಸಬೇಕು, ಆಮೇಲೆ ಬಿಲ್ ಕೊಟ್ಟರೆ ಅದೇ ಪಟ್ಟಿಯ ದರದಲ್ಲಿ ವಾಪಸ್ ಬರುತ್ತದೆ. ಈ 48 ಗಂಟೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಕಳೆದುಕೊಂಡವರನ್ನು ನೋಡಿದ್ದೇನೆ. ಫ್ರಿಡ್ಜ್ ಮೇಲೆ ಬರೆದು ಅಂಟಿಸಿ.

ಲೆಕ್ಕ ಕೇಳುವವನು

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. 2004ರ ನಂತರ ಸೇರಿದ ಕೇಂದ್ರದ ಸಿವಿಲ್ ನೌಕರರಿಗೆ ಹಳೇ ಪೆನ್ಷನ್ ಇಲ್ಲ, ಸೇನೆಗೆ ಮಾತ್ರ ಉಳಿಸಿದ್ದಾರೆ. ಮ್ಯಾನ್‌ಹೋಲ್‌ಗೆ ಇಳಿಯುವವನಿಗೆ ಏನಿದೆ? ಟ್ಯಾಕ್ಸ್ ಕಟ್ಟುವವನಾಗಿ ಕೇಳುತ್ತಿದ್ದೇನೆ, ಇನ್ನೂ ಎಷ್ಟು ಕೊಡಬೇಕು?

ನಿವೃತ್ತ ಸುಬೇದಾರ್

ಕೇಳುವುದರಲ್ಲಿ ತಪ್ಪಿಲ್ಲ ಸ್ವಾಮಿ. ಮ್ಯಾನ್‌ಹೋಲ್‌ಗೆ ಇಳಿಯುವವನಿಗೂ ಕೊಡಬೇಕು, ನನ್ನದನ್ನು ಕಿತ್ತು ಕೊಡಬೇಕಾಗಿಲ್ಲ ಅಷ್ಟೆ. ಆದರೆ ಒಂದು ನೋಡಿ. ಸಿವಿಲ್‌ನವರು 60ರವರೆಗೆ ಸಂಬಳ ತೆಗೆದುಕೊಳ್ಳುತ್ತಾರೆ. ಸೇನೆ ಯೌವನದಲ್ಲೇ ಇರಬೇಕು ಅಂತ ಸರ್ಕಾರ ಜವಾನನನ್ನು 35-40ಕ್ಕೇ ಮನೆಗೆ ಕಳಿಸುತ್ತದೆ. ಮಕ್ಕಳು ಆಗ ಹೈಸ್ಕೂಲ್‌ನಲ್ಲಿರುತ್ತಾರೆ. ಅವನು ಬಿಟ್ಟು ಬಂದಿದ್ದಲ್ಲ, ಕಳಿಸಿದ್ದು.

ಇನ್ನು ಕೆಲಸದ ವಿಷಯ. ಕೇಂದ್ರದ ಗ್ರೂಪ್ ಸಿ (ಗುಮಾಸ್ತ ಮಟ್ಟದ) ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10 ಪರ್ಸೆಂಟ್ ಮೀಸಲು ಅಂತ ಕಾಗದದಲ್ಲಿ ಇದೆ, ಸರ್ಕಾರಿ ಕಂಪನಿಗಳಲ್ಲಿ ಗ್ರೂಪ್ ಸಿಯಲ್ಲಿ 14.5. ಇದು ತುಂಬುತ್ತಾ? ತುಂಬಲ್ಲ. ಹದಿನೈದು ವರ್ಷ ಸರ್ವಿಸ್ ಆದ ಮೆಟ್ರಿಕ್ ಪಾಸ್ ಜವಾನನನ್ನು ಗ್ರೂಪ್ ಸಿ ಹುದ್ದೆಗೆ ಪದವೀಧರನ ಸಮ ಅಂತ ಪರಿಗಣಿಸಬಹುದು ಅಂತ ನಿಯಮ ಇದೆ, ಆದರೆ ಅರ್ಜಿ ಹಾಕಿದರೆ ಆ ಕಡೆ ಕೂತವನಿಗೆ ಆ ನಿಯಮವೇ ಗೊತ್ತಿರಲ್ಲ. ನನ್ನ ಜತೆಯವನೊಬ್ಬ ಹದಿನೆಂಟು ವರ್ಷ ರೇಡಿಯೋ ಸೆಟ್ ರಿಪೇರಿ ಮಾಡಿದವನು. ಈಗ ಒಂದು ಎಟಿಎಂ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಾನೆ. ತಮ್ಮ ಟ್ಯಾಕ್ಸ್ ಹಣದಲ್ಲೇ ಅವನಿಗೆ ತರಬೇತಿ ಕೊಟ್ಟಿದ್ದಲ್ವಾ? ನಷ್ಟ ಯಾರದ್ದು ಅಂತ ನೀವೇ ಲೆಕ್ಕ ಹಾಕಿ.

ಲೆಕ್ಕ ಕೇಳುವವನು

ಎಟಿಎಂ ಮಾತು ಒಪ್ಪಿದೆ ಸರ್. ಉಳಿದದ್ದು ಯೋಚಿಸಬೇಕು.

ಕಡತ ಓದುವವ

ಅಂಗವೈಕಲ್ಯ ಪೆನ್ಷನ್ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಕೆಲಸವೇ ಅದರ ಕೇಸುಗಳು.

ಬಿಡುಗಡೆ ಸಮಯದಲ್ಲಿ ಮೆಡಿಕಲ್ ಬೋರ್ಡ್ ಕೂರುತ್ತದೆ. ಕಾಯಿಲೆ ಸೇವೆಯಿಂದ ಬಂದಿದ್ದಾ, ಅಥವಾ ಸೇವೆಯಿಂದ ಉಲ್ಬಣಿಸಿತಾ ಅಂತ ಬರೆಯುತ್ತಾರೆ. ಎರಡೂ ಅಲ್ಲ ಅಂತ ಬರೆದರೆ ಮುಗಿಯಿತು, ಫೌಜಿಗಳ ಬಾಯಲ್ಲಿ ಅದಕ್ಕೆ 'ನಾನಾ' ಅಂತ ಹೆಸರೇ ಇದೆ. ಬಿಪಿ, ಶುಗರ್, ಮೂರ್ಛೆ, ಮನಸ್ಸಿನ ಕಾಯಿಲೆ, ಇವೆಲ್ಲ ಸಾಮಾನ್ಯವಾಗಿ ಈ ಗುಂಡಿಗೇ ಬೀಳುತ್ತವೆ. ಕಾಲಿಗೆ ಗುಂಡು ಬಿದ್ದರೆ ಕಾಣುತ್ತದೆ, ಹತ್ತು ವರ್ಷ ನಿದ್ದೆಗೆಟ್ಟಿದ್ದು ಕಾಣಲ್ಲ.

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸರಿಯಾಗಿ ಉತ್ತರ ಕೊಟ್ಟಿದೆ. ಸೇರುವಾಗ ಫಿಟ್ ಅಂತ ತಗೊಂಡಿದ್ದೀರಿ, ಆಗ ಯಾವ ಕಾಯಿಲೆಯನ್ನೂ ಬರೆದುಕೊಂಡಿಲ್ಲ, ಅಂದ ಮೇಲೆ ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದಿದ್ದು ಅಂತ ಹಿಡಿಯಬೇಕು, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಆ ಮನುಷ್ಯ ಸುಮಾರು ಒಂಬತ್ತು ವರ್ಷ ಸೇವೆಯಲ್ಲಿದ್ದು ಮೂರ್ಛೆ ರೋಗಕ್ಕೆ ಹೊರಬಂದವನು. ಹೊರಬಂದಿದ್ದು 1994ರಲ್ಲಿ, ತೀರ್ಪು ಬಂದಿದ್ದು 2013ರಲ್ಲಿ. ಮಧ್ಯದ ವರ್ಷಗಳನ್ನು ನೀವೇ ಎಣಿಸಿ.

ಆಮೇಲಾದರೂ ನಿಂತಿತಾ? ಇಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸೈನಿಕ ಗೆಲ್ಲುತ್ತಾನೆ, ಸರ್ಕಾರ ಮೇಲ್ಮನವಿ ಹಾಕುತ್ತದೆ. 2015ರಲ್ಲಿ ರಕ್ಷಣಾ ಸಚಿವರೇ ನೇಮಿಸಿದ ತಜ್ಞರ ಸಮಿತಿ ಇಂಥ ಮೇಲ್ಮನವಿಗಳನ್ನು ಬಿಡಿ ಅಂತ ಹೇಳಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಇನ್ನೂ ಬಿಗಿ ಆದವು ಅಂತ ಮಾಜಿ ಸೈನಿಕರಲ್ಲಿ ದೊಡ್ಡ ಅಸಮಾಧಾನವೇ ಇದೆ. ಸುಳ್ಳು ಹೇಳಿ ಪಡೆಯುವವರು ಇಲ್ಲ ಅಂತ ನಾನು ಹೇಳಲ್ಲ, ಇದ್ದಾರೆ, ಅವರನ್ನು ಹಿಡಿಯಲಿ. ಅದಕ್ಕೋಸ್ಕರ ಎಲ್ಲರನ್ನೂ ಕಳ್ಳರ ಹಾಗೆ ನೋಡಬೇಕಾ?

ನೀವು ಬರೆಯಬೇಕಾದ್ದು ಚಿಕ್ಕದು: ನ್ಯಾಯಮಂಡಳಿಯಲ್ಲಿ ಸೈನಿಕ ಗೆದ್ದರೆ, ಕಾನೂನಿನ ಹೊಸ ಪ್ರಶ್ನೆ ಇಲ್ಲದಿದ್ದರೆ, ಅಲ್ಲಿಗೆ ನಿಲ್ಲಿಸಿ. ಮತ್ತೆ, ಬೋರ್ಡ್ ವರದಿಯ ಪ್ರತಿಯನ್ನು ಬಿಡುಗಡೆ ದಿನವೇ ಕೈಗೆ ಕೊಟ್ಟು, ಅವನ ಭಾಷೆಯಲ್ಲಿ ಅರ್ಥ ಹೇಳಿ, ಎಷ್ಟು ದಿನದಲ್ಲಿ ಅಪೀಲ್ ಹಾಕಬೇಕು ಅಂತ ಹೇಳಿ ಕಳಿಸಿ. ಎಷ್ಟೋ ಜನ ಇಂಗ್ಲಿಷ್ ಹಾಳೆ ಮಡಚಿ ಟ್ರಂಕಿನಲ್ಲಿಟ್ಟು ಇಪ್ಪತ್ತು ವರ್ಷದ ಮೇಲೆ ನನ್ನ ಹತ್ತಿರ ತರುತ್ತಾರೆ.

ಹೆಸರು ಬೇಡ

ನಾನು ಒಬ್ಬ ಮಾಜಿ ಸೈನಿಕರ ಹೆಂಡತಿ. ಮೇಲಿನವರು ನಿದ್ದೆ ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಮನೆಗೆ ಬಂದು ಒಂಬತ್ತು ವರ್ಷ ಆಯಿತು, ಇನ್ನೂ ರಾತ್ರಿ ಎರಡು ಗಂಟೆಗೆ ಎದ್ದು ಗೇಟ್ ಬೀಗ ನೋಡಿ ಬರುತ್ತಾರೆ. ಯಾರಾದರೂ ಹಿಂದಿನಿಂದ ಬಂದು ಭುಜ ಮುಟ್ಟಿದರೆ ಕೈ ಎತ್ತಿಬಿಡುತ್ತಾರೆ. ಮಿಲಿಟರಿ ಕ್ಯಾಂಟೀನಿನ ಮದ್ಯದ ಬಾಟ್ಲು ತಿಂಗಳ ಕೋಟಾ ಮುಗಿದರೂ ಹೇಗೋ ಸಿಗುತ್ತದೆ. ಎಷ್ಟೋ ಸಲ ಪಾಲಿಕ್ಲಿನಿಕ್‌ಗೆ ಜತೆಯಲ್ಲಿ ಹೋಗಿದ್ದೇನೆ. ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ನಿದ್ದೆ ಬರುತ್ತಾ ಅಂತ ಒಂದು ದಿನವೂ ಕೇಳಿಲ್ಲ. ನನ್ನನ್ನಂತೂ ಯಾರೂ ಕೇಳಲ್ಲ.

ಅವರನ್ನು ಮನೋವೈದ್ಯರ ಹತ್ತಿರ ಕರೆದರೆ ನನಗೇನು ಹುಚ್ಚಾ ಅನ್ನುತ್ತಾರೆ. 14416ಕ್ಕೆ ನಾನೇ ಫೋನ್ ಮಾಡಿದ್ದೆ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು, ಅರ್ಧ ಗಂಟೆ ಕೇಳಿಸಿಕೊಂಡರು. ಸೇನೆಯವರಿಗೇ ಅಂತ ಅದರದ್ದೊಂದು ಘಟಕ 2023ರಲ್ಲಿ ಪುಣೆಯಲ್ಲಿ ಶುರುವಾಗಿದೆ ಅಂತ ಆಮೇಲೆ ತಿಳಿಯಿತು. ಯಾರೂ ಹೇಳಿರಲಿಲ್ಲ.

ಬಂದವರನ್ನೆಲ್ಲ ವರ್ಷಕ್ಕೊಂದು ಸಲ ಕೂರಿಸಿ ಈ ಪ್ರಶ್ನೆ ಕೇಳಲಿ, ಬಿಪಿ ನೋಡುವ ಹಾಗೆ ಎಲ್ಲರಿಗೂ, ಆಗ ಯಾರಿಗೂ ನನ್ನೊಬ್ಬನನ್ನೇ ಕರೆದರು ಅನ್ನಿಸಲ್ಲ. ಹೆಂಡತಿಯನ್ನು ಬೇರೆ ಕೂರಿಸಿ ಕೇಳಲಿ. ಇದನ್ನು ಬರೆಯುತ್ತೀರಾ? ಸಂಘದ ಗಂಡಸರು ಹೊಡೆದು ಹಾಕಬಹುದು.

ಹೊಸ ಬ್ಯಾಚ್

ಅಗ್ನಿವೀರರನ್ನು ಮರೆತಿರಿ. 2022ರಲ್ಲಿ ಬಂದ ಯೋಜನೆ, ನಾಲ್ಕು ವರ್ಷ, ಅದರಲ್ಲಿ ಕಾಯಂ ಆಗುವವರು ಹೆಚ್ಚೆಂದರೆ 25 ಪರ್ಸೆಂಟ್. ಉಳಿದವರಿಗೆ ಹೊರಡುವಾಗ ಸೇವಾ ನಿಧಿ ಅಂತ ಒಟ್ಟಿಗೆ ಕೊಡುವ ಮೊತ್ತ ಸುಮಾರು 11.71 ಲಕ್ಷ. ಪೆನ್ಷನ್ ಇಲ್ಲ, ಇಸಿಎಚ್ಎಸ್ ಇಲ್ಲ, ಮಾಜಿ ಸೈನಿಕ ಅನ್ನುವ ಹಣೆಪಟ್ಟಿಯೂ ಇಲ್ಲ. ನನ್ನ ತಮ್ಮ ಒಬ್ಬ ಅದರಲ್ಲಿದ್ದಾನೆ. ಅವನಿಗೆ ಇನ್ನೂ 23. ಸಂಘಕ್ಕೆ ಸದಸ್ಯನಾಗಿ ಸೇರಿಸಿಕೊಳ್ಳುತ್ತೀರಾ ಅಂತ ಮೊದಲು ನಿಮ್ಮಪ್ಪನನ್ನು ಕೇಳಿ ಹೇಳಿ.

ಫೌಜಿ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಎರಡು ರಾತ್ರಿ ಕೂತು ಬರೆದೆ, ಮೂರು ಪುಟ ಆಗಿದೆ. ಓಆರ್‌ಓಪಿ ಒಂದು ಪ್ಯಾರಾಕ್ಕೆ ಇಳಿಸಿದ್ದೇನೆ, ಅದಕ್ಕೇ ಜಗಳ ಆಗುತ್ತದೆ ಅಂತ ಗೊತ್ತು. ಹೆಸರಿನ ಕ್ಯಾಂಪ್ ಮೊದಲನೆಯದು, ಆಸ್ಪತ್ರೆ ಬಿಲ್ಲಿಗೆ ಗಡುವು ಎರಡನೆಯದು, ಮೇಲ್ಮನವಿ ನಿಲ್ಲಿಸುವುದು ಮೂರನೆಯದು. ಅಕ್ಕ, ನಿಮ್ಮ ನಿದ್ದೆಯ ಪ್ರಶ್ನೆ ನಾಲ್ಕನೆಯದು. ಅಪ್ಪನಿಗೆ ಓದಿ ಹೇಳಿದಾಗ ಆ ಜಾಗದಲ್ಲಿ ಮಾತ್ರ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದರು. ಹೊಡೆದು ಹಾಕು ಅಂತಲೂ ಹೇಳಲಿಲ್ಲ, ಹಾಗಾಗಿ ಇಟ್ಟಿದ್ದೇನೆ.

ಅಗ್ನಿವೀರರ ಪ್ರಶ್ನೆ ಕೇಳಿದೆ ಅಣ್ಣ. ಬೈಲಾದಲ್ಲಿ 'ಮಾಜಿ ಸೈನಿಕ' ಅಂತ ಇದೆ, ನೋಡಬೇಕು ಅಂದರು. ಅಧ್ಯಕ್ಷರ ಜತೆ ಮಾತಾಡುತ್ತಾರಂತೆ. ಅವರು ಒಪ್ಪುವವರೆಗೂ ಕೇಳುತ್ತಿರುತ್ತೇನೆ.

ಸಂಘದಲ್ಲಿ ಪೆನ್ಷನ್ ಇಲ್ಲದ ಇಬ್ಬರು ಹಿರಿಯರಿದ್ದಾರೆ ಅಂತ ಬರೆಯುವಾಗ ಗೊತ್ತಾಯಿತು. ಕೇಂದ್ರೀಯ ಸೈನಿಕ ಮಂಡಳಿಯ ಬಡತನದ ಅನುದಾನ, 65 ದಾಟಿದ ಪೆನ್ಷನ್‌ರಹಿತರಿಗೆ ಕೊಡುವುದು, 2025ರ ನವೆಂಬರ್‌ನಿಂದ ತಿಂಗಳಿಗೆ 4000 ಇದ್ದಿದ್ದು 8000 ಆಗಿದೆ. ಇಬ್ಬರೂ ಅರ್ಜಿಯೇ ಹಾಕಿಲ್ಲ. ಒಬ್ಬರದ್ದು ಈ ವಾರ ಹಾಕಿಸುತ್ತೇನೆ, ಇನ್ನೊಬ್ಬರು ಭಿಕ್ಷೆ ಬೇಡ ಅನ್ನುತ್ತಿದ್ದಾರೆ.

ಸುಬೇದಾರ್ ಸಾಬ್, ನಿಮ್ಮ ಮಾತು ಓದಿ ನಿನ್ನೆ ಅಪ್ಪನ ಟ್ರಂಕ್ ತೆಗೆಸಿದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಅಮ್ಮನ ಹೆಸರಿನ ಕೊನೆಗೆ 'ದೇವಿ' ಅಂತ ಇದೆ. ಆಧಾರ್‌ನಲ್ಲಿ ಇಲ್ಲ, ಮದುವೆ ಕರೆಯೋಲೆಯಲ್ಲಿ ಇಲ್ಲ, ನಮ್ಮ ವಂಶದಲ್ಲೇ ಯಾರೂ ದೇವಿ ಇಲ್ಲ. ಹುಟ್ಟಿದ ತಾರೀಖು ಜನವರಿ 1. ಅಮ್ಮ ನೋಡಿ ನಕ್ಕರು, ಅಪ್ಪ ನಗಲಿಲ್ಲ. ತಿದ್ದಲು ಮೊದಲು ಎಲ್ಲಿಗೆ ಹೋಗಬೇಕು, ಜಿಲ್ಲಾ ಸೈನಿಕ ಕಚೇರಿಗಾ, ನೇರ ರೆಕಾರ್ಡ್ ಆಫೀಸಿಗೆ ಬರೆಯಬೇಕಾ?

ನಿವೃತ್ತ ಸುಬೇದಾರ್

ಮೊದಲು ಜಿಲ್ಲಾ ಸೈನಿಕ ಕಚೇರಿ. ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಜಂಟಿ ಫೋಟೋ, ಅಮ್ಮನ ಶಾಲೆಯ ಟಿಸಿ ಇದ್ದರೆ ಅದು. ಎಲ್ಲದರ ಪ್ರತಿ ನಿನ್ನ ಹತ್ತಿರ ಇಟ್ಟುಕೋ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೋ. ಅಪ್ಪನನ್ನು ಜತೆಗೆ ಕರೆದುಕೊಂಡು ಹೋಗು, ಸಹಿ ಅವರದ್ದೇ ಬೇಕು. ಸೋಮವಾರವೇ ಹೋಗು.